ಮೇಷ್ಟ್ರಾಗಿಯೇ ಉಳಿದ ರಹೀಮ್ ಸಾಹೇಬರು

1956ರ ನವೆಂಬರ್ 1 ನಮಗೆಲ್ಲ ಗೊತ್ತಿರುವ ದಿನ. ಹೊರನಾಡಿನಲ್ಲಿ ಎಲ್ಲಿದ್ದರೂ ಪ್ರತಿ ವರ್ಷ ಅಂದು ಒಂದು ಬಾವುಟ ಹುಡುಕುತ್ತೇವೆ, ಕನ್ನಡ ಸಂಘದ ಸಭಾಂಗಣದಲ್ಲಿ ಸೇರಿ ಚಿತ್ರಾನ್ನ, ಕೇಸರಿಬಾತು ತಿನ್ನುತ್ತೇವೆ. ನಮ್ಮ ರಾಯಚೂರಿನವರಿಗೆ ಆ ದಿನಕ್ಕೆ ಇನ್ನೊಂದು ಅರ್ಥವೂ ಇದೆ. ಅಂದು ಹೈದರಾಬಾದ್ ಎಂಬ ರಾಜ್ಯ ನಕಾಶೆಯಿಂದ ಅಳಿಸಿಹೋಯಿತು. ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ಮರಾಠವಾಡ ಮುಂಬಯಿ ರಾಜ್ಯಕ್ಕೆ ಹೋಯಿತು. ತೆಲುಗು ಸೀಮೆ ಆಂಧ್ರದ ಜೊತೆ ಸೇರಿ ಆಂಧ್ರಪ್ರದೇಶವಾಯಿತು.

ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಆ ತಂಡವನ್ನು ತಯಾರು ಮಾಡಿದವರು, ಹೀಗೆ ಅಳಿಸಿಹೋದ ರಾಜ್ಯದ ರಾಜಧಾನಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಮ್.

2024ರಲ್ಲಿ ಅಜಯ್ ದೇವಗನ್ ನಟಿಸಿದ ‘ಮೈದಾನ್’ ಸಿನಿಮಾ ಬಂದ ಮೇಲೆ ರಹೀಮರ ಹೆಸರು ಹಲವರಿಗೆ ಗೊತ್ತಾಗಿದೆ. ಸಿನಿಮಾದಲ್ಲಿ ಅವರು ಸಿಗರೇಟು ಹಿಡಿದ, ಹೆಚ್ಚು ಮಾತಾಡದ, ಪಂದ್ಯ ಗೆಲ್ಲಿಸುವ ಕೋಚ್. ನನಗೆ ಕುತೂಹಲ ಹುಟ್ಟಿಸಿದ್ದು ಅದಕ್ಕೂ ಹಿಂದಿನ ಮನುಷ್ಯ. ಬೆಳಿಗ್ಗೆ ಶಾಲೆಗೆ ಹೋಗಿ ಹಾಜರಿ ತೆಗೆದುಕೊಂಡು ಪಾಠ ಮಾಡುತ್ತಿದ್ದವರು, ಸಂಜೆ ಮೈದಾನದಲ್ಲಿ ತಾವೇ ಆಡುತ್ತಿದ್ದವರು, ನಿಧಾನವಾಗಿ ಆಟವನ್ನು ಕಲಿಸುವುದೇ ತಮ್ಮ ನಿಜವಾದ ಕೆಲಸವೆಂದು ಕಂಡುಕೊಂಡವರು. ಕೋಚ್ ಆದ ಮೇಲೂ ಅವರೊಳಗಿನ ಮೇಷ್ಟ್ರು ಹೋಗಲಿಲ್ಲ. ಭಾರತದ ಫುಟ್‌ಬಾಲ್ ಕಂಡ ಅತಿ ಒಳ್ಳೆಯ ಹನ್ನೆರಡು ವರ್ಷಗಳು ಆ ಮೇಷ್ಟ್ರ ಅಭ್ಯಾಸಗಳ ಮೇಲೆ ನಿಂತಿದ್ದವು ಎಂದೇ ನನಗೆ ಅನಿಸುತ್ತದೆ.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಊರು. ಓದಿದ್ದು 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಇಂಗ್ಲಿಷಿನ ಬದಲು ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡಬೇಕೆಂದು ಹೊರಟ ವಿಶ್ವವಿದ್ಯಾಲಯ ಅದು. ನಮ್ಮ ಕಡೆಯ ಹಿರಿಯರಿಗೆ ಈ ಲೋಕ ಹೊಸದಲ್ಲ. ನನ್ನ ಅಜ್ಜ ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತವರು. ಕೊನೆಯವರೆಗೂ ಮಗ್ಗಿಯನ್ನು ಉರ್ದುವಿನಲ್ಲೇ ಹೇಳಿಕೊಳ್ಳುತ್ತಿದ್ದರು. ಆಗ ಬಿ.ಎ. ಓದಲು ರಾಯಚೂರು, ಕಲಬುರಗಿಯ ಹುಡುಗರಿಗೂ ದೊಡ್ಡ ದಾರಿ ಎಂದರೆ ಹೈದರಾಬಾದ್. ಹಾಗಾಗಿ ರಹೀಮರ ಜೀವನ ಓದುವಾಗ ಪಕ್ಕದ ರಾಜ್ಯದ ಕಥೆ ಎನ್ನುವುದಕ್ಕಿಂತ, ನಮ್ಮ ಹಳೆಯ ಮನೆಯ ಇನ್ನೊಂದು ಕೋಣೆಯ ಕಥೆ ಎನಿಸುತ್ತದೆ.

ಉಸ್ಮಾನಿಯಾದಲ್ಲಿ ಅವರು ಕಾಲೇಜು ತಂಡದ ಒಳ್ಳೆಯ ಆಟಗಾರ. ಮುಂದೆ ಹೈದರಾಬಾದಿನ ಸ್ಥಳೀಯ ಲೀಗಿನಲ್ಲಿ ಹೆಸರು ಮಾಡಿದ್ದ ಕಮರ್ ಕ್ಲಬ್ ಪರವಾಗಿ ಆಡಿದರು. ಪದವಿ ಮುಗಿಸಿ ಹಿಡಿದ ಕೆಲಸ ಮಾತ್ರ ಮೇಷ್ಟ್ರದ್ದು. ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಹೀಗೆ ಒಂದಾದ ಮೇಲೊಂದು ಶಾಲೆಯಲ್ಲಿ ಪಾಠ ಮಾಡಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಬಂದರು. ಕೊನೆಯ ಎರಡು ಶಾಲೆಗಳಲ್ಲಿ ಆಟೋಟದ ಹೊಣೆಯೂ ಅವರದೇ ಆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೊದಲು ಕ್ಲಾಸ್ ಮೇಷ್ಟ್ರು, ಆಮೇಲೆ ಪಿ.ಟಿ. ಮೇಷ್ಟ್ರು.

ಅಷ್ಟು ಚೆನ್ನಾಗಿ ಆಡುವವರು ಆಟವನ್ನೇ ಏಕೆ ಹೊಟ್ಟೆಪಾಡು ಮಾಡಿಕೊಳ್ಳಲಿಲ್ಲ ಎಂದು ಇಂದಿನ ಹುಡುಗರು ಕೇಳಬಹುದು. ಐಎಸ್‌ಎಲ್ ನೋಡಿ ಬೆಳೆದವರಿಗೆ ಆ ಪ್ರಶ್ನೆ ಸಹಜ. ಉತ್ತರ ಸರಳ: ಅಂಥ ಕೆಲಸವೇ ನಮ್ಮಲ್ಲಿ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಆಟಗಾರರಿಗೆ ಹಣ ಕೊಡುವುದನ್ನು 1885ರಲ್ಲೇ ಅಧಿಕೃತವಾಗಿ ಒಪ್ಪಿಕೊಂಡಿದ್ದರು. ಅಲ್ಲಿ ಎವೆಲಿನ್ ಲಿಂಟಾಟ್ ಎಂಬ ಶಾಲಾ ಶಿಕ್ಷಕರಿದ್ದರು. ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡಕ್ಕೆ ಹವ್ಯಾಸಿಯಾಗಿ ಆಡುತ್ತಲೇ ಇಂಗ್ಲೆಂಡ್ ತಂಡ ಸೇರಿದವರು. 1908ರಲ್ಲಿ ವೃತ್ತಿಪರ ಆಟಗಾರರಾಗಿ ಸಹಿ ಹಾಕಿ ಬ್ರಾಡ್‌ಫರ್ಡ್ ಸಿಟಿಗೆ ಹೋದರು, ಆ ಊರಲ್ಲೂ ಶಾಲೆಯ ಕೆಲಸ ಬಿಡಲಿಲ್ಲ. ಮೊದಲ ಮಹಾಯುದ್ಧ ಬಂದಾಗ ಸೈನ್ಯ ಸೇರಿ, 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ಕದನದ ಮೊದಲ ದಿನವೇ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಬದುಕು ಚಿಕ್ಕದಾಯಿತು ನಿಜ, ಆದರೆ ಬದುಕಿದ್ದಾಗ ಮೇಷ್ಟ್ರ ಸಂಬಳ, ಆಟಗಾರನ ಸಂಬಳ ಎರಡನ್ನೂ ಪಡೆಯುವ ಅವಕಾಶ ಅವರಿಗಿತ್ತು. ಸಹಿ ಹಾಕಲು ಒಂದು ಕಾಗದವಾದರೂ ಇತ್ತು.

ರಹೀಮರ ಹೈದರಾಬಾದಿನಲ್ಲಿ ಆ ಕಾಗದವೇ ಇರಲಿಲ್ಲ. ನಮ್ಮ ದೇಶದಲ್ಲಿ ಆಟಗಾರ ಲೆಕ್ಕಕ್ಕೆ ಹವ್ಯಾಸಿ. ಅವನು ಪೊಲೀಸ್ ಪೇದೆ, ರೈಲ್ವೆ ನೌಕರ ಅಥವಾ ಸಿಪಾಯಿ. ಆಟ ಚೆನ್ನಾಗಿದ್ದರೆ ನೌಕರಿ ಸಿಗುತ್ತಿತ್ತು, ನೌಕರಿಯ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳನ್ನು ನೋಡಿದ ಹಿರಿಯರಿಗೆ, ಚೆನ್ನೈನ ಐಸಿಎಫ್ ತಂಡ ಗೊತ್ತಿರುವವರಿಗೆ ಈ ಪದ್ಧತಿ ವಿವರಿಸಬೇಕಿಲ್ಲ. ಒಲಿಂಪಿಕ್ಸ್ ಕೂಡ ಆಗ ಹವ್ಯಾಸಿಗಳಿಗೆ ಮಾತ್ರ. ಇಂಥ ಲೋಕದಲ್ಲಿ ಒಬ್ಬ ಮೇಷ್ಟ್ರು ಫುಟ್‌ಬಾಲನ್ನು ವೃತ್ತಿ ಮಾಡಿಕೊಳ್ಳಬೇಕೆಂದರೆ ಒಂದೇ ದಾರಿ. ಹಣದ ಮಾತು ಬದಿಗಿಟ್ಟು, ವೃತ್ತಿಗೆ ಬೇಕಾದ ಶಿಸ್ತನ್ನು ಮಾತ್ರ ತಂದುಕೊಳ್ಳುವುದು. ರಹೀಮ್ ಅದನ್ನೇ ಮಾಡಿದರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಆಡಳಿತಗಾರ ಅಂದರೆ ಸನ್ಮಾನದ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುವವನು ಎಂಬ ಚಿತ್ರ ನಮ್ಮ ಕಣ್ಣ ಮುಂದಿದೆ. ರಹೀಮ್ ಆ ಹುದ್ದೆಯನ್ನು ಶಾಲೆಯ ವೇಳಾಪಟ್ಟಿ ಬರೆಯುವವರಂತೆ ಬಳಸಿದರು. ಹುಡುಗರಿಗಾಗಿ ಅವರು ನಡೆಸಿದ ಟೂರ್ನಿಗಳನ್ನು ನೋಡಿದರೆ ಅವರ ತಲೆ ಹೇಗೆ ಓಡುತ್ತಿತ್ತು ಎಂಬುದು ತಿಳಿಯುತ್ತದೆ.

ಒಂದು ಟೂರ್ನಿಯಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ. ಚೆಂಡು ಕಾಲಿಗೆ ಬಂದ ತಕ್ಷಣ ಜೊತೆಗಾರನಿಗೆ ಕೊಡಬೇಕು. ಇನ್ನೊಂದರಲ್ಲಿ ದುರ್ಬಲ ಕಾಲನ್ನೇ ಬಳಸಬೇಕು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಮತ್ತೊಂದಕ್ಕೆ ಎತ್ತರದ ಮಿತಿ. ಕುಳ್ಳ ಹುಡುಗರು ಎತ್ತರದವರ ಭುಜ ತಾಗಿ ಬೀಳದೆ ತಮ್ಮತಮ್ಮೊಳಗೆ ಆಡಲಿ ಎಂದು. ಕೇಳಲು ಮಕ್ಕಳ ಆಟದ ನಿಯಮಗಳಂತೆ ಇವೆ. ಆದರೆ ಒಂದೊಂದೂ ಒಂದೊಂದು ಪಾಠ. ಡ್ರಿಬ್ಲಿಂಗ್ ಬೇಡ ಎಂದಾಗ, ಚೆಂಡು ಬರುವ ಮೊದಲೇ ಯಾರು ಎಲ್ಲಿದ್ದಾರೆ ಎಂದು ನೋಡಿಟ್ಟುಕೊಳ್ಳುವುದು ಅನಿವಾರ್ಯವಾಗುತ್ತದೆ. ಚೆಂಡಿಲ್ಲದ ಹುಡುಗ ಜಾಗ ಹುಡುಕಿ ಓಡುವುದೂ ಅನಿವಾರ್ಯವಾಗುತ್ತದೆ. ಕಣ್ಣೆತ್ತಿ ಆಡು, ಜಾಗಕ್ಕೆ ಓಡು ಎಂದು ಗಂಟಲು ಹರಿದುಕೊಳ್ಳುವ ಬದಲು, ಹಾಗೆ ಮಾಡದೆ ಬೇರೆ ದಾರಿಯೇ ಇಲ್ಲದಂತೆ ನಿಯಮವನ್ನೇ ಬದಲಿಸಿದರು. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಸಂಭಾಳಿಸಿದ ಮೇಷ್ಟ್ರಿಗೆ ಮಾತ್ರ ಹೊಳೆಯುವ ಉಪಾಯ ಇದು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೊಣೆ ಅವರಿಗೆ ಬಂತು. ಆ ತಂಡಕ್ಕೆ ಬೆಂಗಳೂರು ಮೊದಲೇ ಒಲಿದಿತ್ತು. 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಫೈನಲ್‌ನಲ್ಲಿ ಬ್ರಿಟಿಷರ ವಾಯುಪಡೆಯ ತಂಡವನ್ನು ಸೋಲಿಸಿ ಹೈದರಾಬಾದಿನ ಪೊಲೀಸರು ಹೆಸರು ಮಾಡಿದ್ದರು. ರಹೀಮ್ ಬಂದ ಮೇಲೆ ಹೆಸರು ಗಳಿಸುವುದು ಹೋಗಿ ಗೆಲ್ಲುವುದು ರೂಢಿಯಾಯಿತು. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಅವರದೇ. ದಿಲ್ಲಿಯ ಡ್ಯುರಾಂಡ್ ಕಪ್ಪನ್ನೂ ಗೆದ್ದರು. ಕೋಲ್ಕತ್ತಾದ ದೊಡ್ಡ ಕ್ಲಬ್‌ಗಳು, ದೊಡ್ಡ ಪ್ರೇಕ್ಷಕ ವರ್ಗ, ದೊಡ್ಡ ಪತ್ರಿಕೆಗಳು ಒಂದು ಕಡೆ. ಪರೇಡ್ ಮುಗಿಸಿ ಬಂದು ಬೂಟು ಬದಲಿಸುವ ಪೇದೆಗಳು ಇನ್ನೊಂದು ಕಡೆ. ಆ ಪೇದೆಗಳು ನೆಲಕ್ಕೆ ಅಂಟಿದಂಥ ಚಿಕ್ಕ ಪಾಸುಗಳಲ್ಲಿ ಎದುರಾಳಿಗಳನ್ನು ಓಡಾಡಿಸಿ ಸುಸ್ತು ಮಾಡುತ್ತಿದ್ದರು.

ಅದೇ ಹೊತ್ತಿಗೆ ಅವರು ಭಾರತ ತಂಡದ ಕೋಚ್ ಕೂಡ ಆದರು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಸಾಹು ಮೇವಾಲಾಲರದು. ಹೊಸ ದೇಶ, ಮೊದಲ ಕೂಟ, ಮೊದಲ ಚಿನ್ನ. ಅಲ್ಲಿಗೇ ಕಥೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

ಮರು ವರ್ಷ ಹೆಲ್ಸಿಂಕಿ. 1952ರ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ಭಾರತವನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಅದಕ್ಕೂ ಹಿಂದೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಬಂದದ್ದೂ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕಾಲಿನಿಂದಲೇ. ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ನಮ್ಮ ಗೋಲುಗಳ ಖಾತೆಯಲ್ಲಿ ಇರುವುದು ಈ ಎರಡೇ ಹೆಸರು. ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ ಗೊತ್ತೋ.

ಹೆಲ್ಸಿಂಕಿಯಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಬೂಟು ಕೊಳ್ಳಲಾಗದ ಬಡತನ ಎಂದು ಮಾತ್ರ ಇದನ್ನು ಓದಬಾರದು. ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ಸಿಗುತ್ತದೆ, ಅದರಲ್ಲೇ ಅವರು ಪಳಗಿದ್ದರು. ಚಳಿಯ ದೇಶದ ತೇವದ ಹುಲ್ಲಿನಲ್ಲಿ ಆ ವಿದ್ಯೆ ಕೈಕೊಟ್ಟಿತು. ಜೊತೆಗೆ ನಮ್ಮ ಟೂರ್ನಿಗಳಲ್ಲಿ ಪಂದ್ಯ 70 ನಿಮಿಷ, ಹೊರಗೆ 90. ಆ ಕೊನೆಯ 20 ನಿಮಿಷಕ್ಕೆ ಬೇಕಾದ ದಮ್ಮು ನಮ್ಮವರ ಎದೆಯಲ್ಲಿ ಇರಲಿಲ್ಲ. ಹೆಲ್ಸಿಂಕಿಯ ನಂತರ ಭಾರತೀಯ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಫೇಲಾದ ಮಗುವಿನ ಉತ್ತರಪತ್ರಿಕೆಯನ್ನು ಎರಡು ರೀತಿಯಲ್ಲಿ ನೋಡಬಹುದು. ದಡ್ಡ ಎಂದು ಬದಿಗಿಡಬಹುದು, ಅಥವಾ ಎಲ್ಲೆಲ್ಲಿ ಎಡವಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಬಹುದು. ರಹೀಮ್ ಎರಡನೆಯ ಬಗೆಯ ಮೇಷ್ಟ್ರು. 1953ರ ನವೆಂಬರಿನಲ್ಲಿ ಹಂಗೇರಿ ತಂಡ ಲಂಡನ್ನಿನ ವೆಂಬ್ಲಿಗೆ ಹೋಗಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಗೋಲಿನ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡುತ್ತಿದ್ದರು. ಅವರನ್ನು ಹಿಂಬಾಲಿಸಬೇಕೋ ಬಿಡಬೇಕೋ ಎಂದು ತಿಳಿಯದೆ ಇಂಗ್ಲೆಂಡಿನ ರಕ್ಷಣೆ ಒಡೆದುಹೋಯಿತು. ಈ ಆಟದ ಒಳಗುಟ್ಟನ್ನು ಸಾವಿರಾರು ಮೈಲಿ ದೂರದ ಹೈದರಾಬಾದಿನಲ್ಲಿ ಕೂತು ಅರ್ಥ ಮಾಡಿಕೊಂಡ ರಹೀಮ್, ತಮ್ಮ ತಂಡಗಳಿಗೆ ಅದನ್ನು ಅಳವಡಿಸಿದರು. 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದಾಗ 4-2-4 ಎಂಬ ವ್ಯೂಹ ಲೋಕಪ್ರಸಿದ್ಧವಾಯಿತು. ಅದರ ಹೊಳಹು ಅದಕ್ಕೂ ಮೊದಲೇ ರಹೀಮರ ತಂಡಗಳಲ್ಲಿತ್ತು ಎಂದು ಆಟದ ಇತಿಹಾಸ ಬರೆದವರು ಗುರುತಿಸಿದ್ದಾರೆ.

ಮೆಲ್ಬರ್ನ್‌ನಲ್ಲಿ ಭಾರತಕ್ಕೆ ಮೊದಲು ಎದುರಾಗಬೇಕಿದ್ದದ್ದು ಅದೇ ಹಂಗೇರಿ. ಆ ಶರತ್ಕಾಲದಲ್ಲಿ ಹಂಗೇರಿಯಲ್ಲಿ ದಂಗೆ ಎದ್ದು, ಸೋವಿಯತ್ ಟ್ಯಾಂಕುಗಳು ನುಗ್ಗಿ, ಅವರ ಫುಟ್‌ಬಾಲ್ ತಂಡ ಬರಲಿಲ್ಲ. ಭಾರತ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. ಅಲ್ಲಿ ಆಸ್ಟ್ರೇಲಿಯಾ ವಿರುದ್ಧ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಏಷ್ಯಾದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೋಸ್ಲಾವಿಯಾ. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದಿದ್ದ ಆ ದೇಶದ ಎದುರು ನೆವಿಲ್ ಮೊದಲ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ಕೊಟ್ಟರು. ಕೊನೆಗೆ 4–1ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3–0ರಿಂದ ಗೆದ್ದಿತು. ನಾಲ್ಕನೆಯ ಸ್ಥಾನ.

ಆ ತಂಡದಲ್ಲಿ ಹೈದರಾಬಾದಿನ ಹುಡುಗರು ಹಲವರಿದ್ದರು. ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. 1960ರ ರೋಮ್ ತಂಡದಲ್ಲೂ ಅವರು ಇದ್ದರು. ತುಳಸೀದಾಸ್ ಬಲರಾಮ್ ಇದ್ದರು. ಸಿಕಂದರಾಬಾದಿನ ಬಳಿಯ ಅಮ್ಮುಗುಡದ ಬಡ ತಮಿಳು ಕುಟುಂಬದ ಹುಡುಗ. ದಿನಾ ಅಭ್ಯಾಸಕ್ಕೆ ಬರಲು ಅವನ ಬಳಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ರಹೀಮ್ ತಮ್ಮ ಕಿಸೆಯಿಂದ ಕೊಟ್ಟರು ಎಂಬುದನ್ನು ಬಲರಾಮ್ ಜೀವನವಿಡೀ ನೆನೆಯುತ್ತಿದ್ದರು. ಫೀಸು ಕಟ್ಟಲಾಗದ ಹುಡುಗನಿಗೆ ಮೇಷ್ಟ್ರೇ ಕಟ್ಟಿದ ಕಥೆ ನಮ್ಮ ಪ್ರತಿ ಊರಿನಲ್ಲೂ ಒಂದಾದರೂ ಇರುತ್ತದೆ. ಇದು ಆ ಜಾತಿಯ ಕಥೆ. ವ್ಯತ್ಯಾಸವಿಷ್ಟೇ, ಈ ಹುಡುಗ ಮುಂದೆ ರೋಮ್‌ನಲ್ಲಿ ಹಂಗೇರಿಯ ಎದುರೂ ಪೆರುವಿನ ಎದುರೂ ಗೋಲು ಹೊಡೆದ. ರೋಮ್‌ನಲ್ಲಿ ಭಾರತ ಹಂಗೇರಿಗೆ ಸೋತದ್ದು 2–1ರಿಂದ, ಫ್ರಾನ್ಸ್ ಜೊತೆ 1–1 ಸಮ. ಪೆರುವಿನ ವಿರುದ್ಧ 3–1ರಿಂದ ಸೋತು ಹೊರಬಿದ್ದೆವು. ಭಾರತ ಒಲಿಂಪಿಕ್ ಫುಟ್‌ಬಾಲ್ ಆಡಿದ್ದು ಅದೇ ಕೊನೆ.

ಇನ್ನು ನಾನು ಮೊದಲು ಹೇಳಿದ ಆ ಅಳಿಸಿಹೋದ ರಾಜ್ಯ. ಸರ್ಕಾರದ ಕಡತದಲ್ಲಿ ಹೈದರಾಬಾದ್ ಇಲ್ಲವಾದರೂ ಫುಟ್‌ಬಾಲ್ ಸಂಸ್ಥೆ ಇನ್ನೂ ಕೆಲ ಕಾಲ ಆ ಹೆಸರಲ್ಲೇ ನಡೆಯಿತು. 1956–57 ಮತ್ತು 1957–58ರ ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದದ್ದು ಹೈದರಾಬಾದ್ ತಂಡ, ರಹೀಮರ ತಂಡ. ರಾಜ್ಯ ಹೋದ ಮೇಲೂ ಅದರ ಹೆಸರಿನಲ್ಲಿ ಓಡಾಡಿದ ಹನ್ನೊಂದು ಜನ.

ಕೊನೆಯ ಅಧ್ಯಾಯ ಜಕಾರ್ತಾ, 1962ರ ಏಷ್ಯನ್ ಕ್ರೀಡಾಕೂಟ. ಆ ಹೊತ್ತಿಗೆ ರಹೀಮರ ಆರೋಗ್ಯ ಕೆಟ್ಟಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2–0 ಸೋಲು. ಆಮೇಲೆ ಥಾಯ್ಲೆಂಡ್ ವಿರುದ್ಧ 4–1, ಜಪಾನ್ ವಿರುದ್ಧ 2–0. ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಬೆನ್ನೆಲುಬಾಗಿದ್ದ ಸ್ಟಾಪರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದರು. ಬೇರೆಯವರಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಿದ್ದರೇನೋ. ರಹೀಮ್ ಅವರನ್ನು ಹಿಂದಿನಿಂದ ತೆಗೆದು ಮುಂದಿನ ಸಾಲಿಗೆ ಹಾಕಿದರು, ಅರುಣ್ ಘೋಷರನ್ನು ಹಿಂದೆ ನಿಲ್ಲಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧದ 3–2 ಗೆಲುವಿನಲ್ಲಿ ಆ ಹೊಲಿಗೆಯ ತಲೆಯ ಜರ್ನೈಲ್ ಕೂಡ ಒಂದು ಗೋಲು ಹೊಡೆದರು.

ಫೈನಲ್ ಸೆಪ್ಟೆಂಬರ್ 4ರಂದು, ಮತ್ತೆ ದಕ್ಷಿಣ ಕೊರಿಯಾ. ಸುಮಾರು 1 ಲಕ್ಷ ಜನ ಕಿಕ್ಕಿರಿದಿದ್ದರು, ಬಹುತೇಕ ಎಲ್ಲರೂ ಭಾರತದ ವಿರುದ್ಧ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಗುರುದತ್ ಸೋಂಧಿ ಪ್ರಶ್ನಿಸಿದ್ದರಿಂದ ಜಕಾರ್ತಾದ ಜನ ಕೆರಳಿದ್ದರು. ಆ ಗದ್ದಲದಲ್ಲಿ ರಹೀಮ್ ಗೋಲ್‌ಕೀಪರನ್ನೂ ಬದಲಿಸಿದರು. ಜ್ವರದಿಂದ ಎದ್ದಿದ್ದ ಎತ್ತರದ ಆಳು ಪೀಟರ್ ತಂಗರಾಜ್ ಗೋಲಿಗೆ ಬಂದರು. ಇವರು ನಮ್ಮ ಮದ್ರಾಸ್ ರೆಜಿಮೆಂಟಿನಿಂದ ಬೆಳೆದವರು. ಮೊದಲ ಇಪ್ಪತ್ತು ನಿಮಿಷದೊಳಗೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು ಗೋಲು ಹೊಡೆದರು. ಕೊರಿಯಾ ಕೊನೆಯಲ್ಲಿ ಒಂದನ್ನು ತೀರಿಸಿತು. 2–1. ಚುನಿ ಗೋಸ್ವಾಮಿ ನಾಯಕತ್ವದ ಆ ತಂಡದ ಜೊತೆ ಬೆಂಗಳೂರಿನ ಅರುಮೈನಾಯಗಂ ಕೂಡ ಹೋಗಿದ್ದರು. ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ನಮಗೆ ಅಂದಿನಿಂದ ಇಂದಿನವರೆಗೆ ಮತ್ತೆ ಸಿಕ್ಕಿಲ್ಲ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ಕ್ಯಾನ್ಸರ್‌ನಿಂದ ರಹೀಮ್ ತೀರಿಕೊಂಡರು. 53 ವರ್ಷ. ಅವರ ಮಗ ಸೈಯದ್ ಶಾಹಿದ್ ಹಕೀಂ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ, ಕೋಚ್ ಆಗಿ ಬದುಕಿದ ಹಕೀಂ 2021ರ ಆಗಸ್ಟ್‌ನಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ. ಹಳೆಯ ಹೈದರಾಬಾದ್ ರಾಜ್ಯದ ಗಡಿಗಳು ಕುಟುಂಬಗಳೊಳಗೆ ಇನ್ನೂ ಅಳಿಸಿಲ್ಲ.

ರಹೀಮ್ ಹೋದ ಮೇಲೆ ಆಟಗಾರರು ಹೋಗಲಿಲ್ಲ. ಚುನಿ, ಪಿ.ಕೆ., ಜರ್ನೈಲ್, ತಂಗರಾಜ್ ಇನ್ನೂ ಆಡುತ್ತಿದ್ದರು. 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. ಇಳಿಜಾರು ಆಮೇಲೆ ಶುರುವಾಯಿತು. ಇದಕ್ಕೆ ಹಣ, ರಾಜಕೀಯ, ಕ್ರಿಕೆಟ್ ಎಂದು ನೂರು ಕಾರಣ ಹೇಳುತ್ತಾರೆ. ನಾನು ಕಾರ್ಖಾನೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವವನು, ನನ್ನ ಕಣ್ಣಿಗೆ ಬೀಳುವ ಕಾರಣ ಬೇರೆ. ನಮ್ಮ ಕೆಲಸದಲ್ಲಿ ಒಬ್ಬರು ರಾಜೀನಾಮೆ ಕೊಟ್ಟರೆ ಅವರ ತಲೆಯಲ್ಲಿರುವುದನ್ನೆಲ್ಲ ಇನ್ನೊಬ್ಬರಿಗೆ ದಾಟಿಸಲು ಎರಡು ತಿಂಗಳು ಸಮಯ ಇಡುತ್ತಾರೆ. ಒಬ್ಬನ ತಲೆಯನ್ನೇ ನಂಬಿ ಕಾರ್ಖಾನೆ ನಡೆಯಬಾರದು ಎಂಬುದು ಮೊದಲ ಪಾಠ. ಕೋಚ್‌ಗಳನ್ನು ತಯಾರು ಮಾಡಲು ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾದದ್ದೇ 1961ರಲ್ಲಿ. ಅದು ಕಾಲೂರುವ ಮೊದಲೇ ರಹೀಮ್ ಇಲ್ಲವಾದರು. ದೇಶದ ಫುಟ್‌ಬಾಲ್ ಒಬ್ಬ ಮೇಷ್ಟ್ರ ಬಿಡುವಿನ ವೇಳೆಯ ಮೇಲೆ, ಕಿಸೆಯ ಪುಡಿಗಾಸಿನ ಮೇಲೆ, ಆಯಸ್ಸಿನ ಮೇಲೆ ನಡೆಯುತ್ತಿತ್ತು. ಮೂರೂ ಒಟ್ಟಿಗೆ ಮುಗಿದವು. ರಾಷ್ಟ್ರೀಯ ಮಟ್ಟದ ಲೀಗ್ ಒಂದು ಬರಲು 1996ರವರೆಗೆ ಕಾಯಬೇಕಾಯಿತು. ಆಟಗಾರನಿಗೆ ಸಹಿ ಹಾಕಲು ಕಾಗದ ಸಿಕ್ಕಿತು. ಅಷ್ಟರಲ್ಲಿ ಕಲಿಸುವ ಮೇಷ್ಟ್ರ ಸಾಲು ಕಡಿದುಹೋಗಿತ್ತು.

ನಾನೀಗ ಇರುವುದು ಚೆನ್ನೈನ ಉತ್ತರದ ತುದಿ ಎಣ್ಣೂರಿನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೊಸಸ್ತಲೈ ನದಿಯ ಅಳಿವೆ, ನಡುವೆ ಚಿಮಣಿಗಳು, ಕಂಟೇನರ್ ಲಾರಿಗಳು. ಚೆನ್ನೈನ ಬೇರೆ ಕಡೆ ಕ್ರಿಕೆಟ್ಟಾದರೆ ಉತ್ತರ ಚೆನ್ನೈನಲ್ಲಿ ಫುಟ್‌ಬಾಲ್. ಇಲ್ಲೇ ಹತ್ತಿರದ ವ್ಯಾಸರ್ಪಾಡಿ ಅದಕ್ಕೆ ಹೆಸರುವಾಸಿ. ನಮ್ಮ ಬಡಾವಣೆಯ ಹಿಂದೆ ಒಂದು ಖಾಲಿ ಜಾಗವಿದೆ. ಭಾನುವಾರ ಬೆಳಿಗ್ಗೆ ಒಬ್ಬ ಪಿ.ಟಿ. ಮೇಷ್ಟ್ರು ಅಲ್ಲಿ ಮೂವತ್ತು ಮಕ್ಕಳಿಗೆ ಆಟ ಕಲಿಸುತ್ತಾರೆ. ಅದು ಅವರ ರಜಾ ದಿನ, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಅವರಲ್ಲಿ ಮೀನುಗಾರರ ಮಕ್ಕಳಿದ್ದಾರೆ, ಗುತ್ತಿಗೆ ಕಾರ್ಮಿಕರ ಮಕ್ಕಳಿದ್ದಾರೆ, ನಮ್ಮಂತೆ ಹೊರಗಿನಿಂದ ಬಂದವರ ಮಕ್ಕಳೂ ಇದ್ದಾರೆ. ನನ್ನ ಮಗನನ್ನು ಬಿಡಲು ಹೋದವನು ನಾನೂ ಅಲ್ಲೇ ನಿಲ್ಲುತ್ತೇನೆ.

ಹೋದ ತಿಂಗಳು ನನ್ನ ಅರೆಬರೆ ತಮಿಳಿನಲ್ಲಿ ಅವರಿಗೆ ರಹೀಮರ ಟೂರ್ನಿಗಳ ಬಗ್ಗೆ ಹೇಳಿದೆ. ಮರುವಾರವೇ ಅವರು ಪೀಪಿ ಊದಿ ಸಾರಿದರು, ಇವತ್ತು ಯಾರೂ ಚೆಂಡನ್ನು ಎಳೆದುಕೊಂಡು ಓಡುವಂತಿಲ್ಲ, ಬಂದದ್ದನ್ನು ಕೊಡಬೇಕು ಎಂದು. ಮೊದಲ ಹತ್ತು ನಿಮಿಷ ಬರೀ ಜಗಳ. ಚೆನ್ನಾಗಿ ಆಡುವ ಇಬ್ಬರು ಮುನಿಸಿಕೊಂಡು ಗೆರೆಯ ಆಚೆ ಕೂತರು. ಆಮೇಲೆ ಒಂದು ಸಂಗತಿ ಕಾಣಿಸಿತು. ಪ್ರತಿ ಭಾನುವಾರ ಬಂದು, ಮೂಲೆಯಲ್ಲಿ ನಿಂತು, ಒಂದು ಸಲವೂ ಚೆಂಡು ಮುಟ್ಟದೆ ಮನೆಗೆ ಹೋಗುವ ಸಣಕಲು ಹುಡುಗನೊಬ್ಬನಿದ್ದಾನೆ. ಕೊಡಲೇಬೇಕಾದ್ದರಿಂದ ಅವನಿಗೂ ಚೆಂಡು ಕೊಟ್ಟರು. ನಾನು ಎಣಿಸಿದೆ, ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ. ಕೊನೆಕೊನೆಗೆ ಅವನು ಚೆಂಡು ಬರುವ ಮೊದಲೇ ಜಾಗ ನೋಡಿ ಓಡಲು ಶುರುಮಾಡಿದ್ದ.

ಮೇಷ್ಟ್ರು ನನ್ನ ಕಡೆ ತಿರುಗಿ ಮುಂದಿನ ವಾರ ಎಡಗಾಲಿನ ಆಟ ಎಂದರು. ಮುನಿಸಿಕೊಂಡಿದ್ದ ಇಬ್ಬರೂ ಆಗಲೇ ಎದ್ದು ಬಂದು ಎಡಗಾಲಿನಲ್ಲಿ ಚೆಂಡನ್ನು ಗೋಡೆಗೆ ಒದೆಯುತ್ತಿದ್ದರು.